ಗೆರೆ ದಾಟದ ಕ್ಲಬ್

ಇಂಗ್ಲೆಂಡಿನ ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಲೇಖನ ಕೇಳಲು ಬಂದ ಸಂಪಾದಕರು ಮೊದಲೇ ಒಂದು ಷರತ್ತು ಹಾಕಿದರು. "ಮೇಡಂ, ಸ್ವಲ್ಪ ಪಾಸಿಟಿವ್ ಆಗಿರ್ಲಿ. ಹೇಗೆ ಮೇಲೆ ಬಂದ್ರಿ, ಯಾವ್ಯಾವ ಹುದ್ದೆ ಸಿಕ್ತು, ಅದನ್ನ ಬರೀರಿ. ಈಗ ಇಂಡಿಯಾದಿಂದ ಬರ್ತಿರೋ ಹುಡುಗ್ರಿಗೆ ಸ್ಫೂರ್ತಿ ಸಿಗುತ್ತೆ." ಹುದ್ದೆಗಳ ಪಟ್ಟಿ ಬೇಕಿದ್ದರೆ ನನ್ನ ಬೀಳ್ಕೊಡುಗೆಯ ದಿನ ಹಂಚಿದ ಕಾಗದದಲ್ಲಿದೆ, ಒಯ್ಯಿರಿ ಎಂದೆ. ನಾನು ಬರೆಯುವುದು ನಾನು ಮಾಡಿದ ಒಂದು ತಪ್ಪಿನ ಬಗ್ಗೆ. ಆಡಿಟ್ ಕಂಪನಿಗಳಿಗೆ ಸೇರುತ್ತಿರುವ ಹುಡುಗ ಹುಡುಗಿಯರು ಅದನ್ನೇ ಓದಲಿ.

ಟಿವಿಡೇಲ್‌ನ ಬಾಲಾಜಿ ಗುಡಿಗೆ ಹೋದಾಗಲೆಲ್ಲ ಪ್ರಸಾದದ ಸಾಲಿನಲ್ಲಿ ಯಾರಾದರೊಬ್ಬರು ನನ್ನ ಕೆಲಸ ಏನೆಂದು ಕೇಳುತ್ತಿದ್ದರು. ನಮ್ಮ ಮನೆಯವರು ಲೀಡ್ಸ್‌ನಲ್ಲಿ ಅರಿವಳಿಕೆಯ ಡಾಕ್ಟರು. ಅವರನ್ನು ಯಾರೂ ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ. ನಾನು "ರಗ್ಬಿ ಆಟಗಾರರಿಗೆ ಜಾಸ್ತಿ ಸಂಬಳ ಕೊಡ್ತಾರೇನೋ ಅಂತ ನೋಡ್ತೀನಿ" ಎಂದರೆ ಮುಂದಿನವರು ಹಿಂದಿನವರು ಎಲ್ಲ ತಿರುಗಿ ನಗುತ್ತಿದ್ದರು. "ಅವರು ಜಾಸ್ತಿ ಕೊಟ್ರೆ ನಿಮಗೇನ್ರೀ ಕಷ್ಟ?" ಎಂದು ಎಜ್‌ಬಾಸ್ಟನ್‌ನ ಒಬ್ಬ ಡಾಕ್ಟರಮ್ಮ ಕೇಳಿದ್ದರು. ಆಗ ಬಾಯಲ್ಲಿ ಪುಳಿಯೋಗರೆ ಇತ್ತು. ಉತ್ತರ ಈಗ ಕೊಡುತ್ತೇನೆ.

ನಾನು ಹೇಳುತ್ತಿರುವ ರಗ್ಬಿ, ಇಂಗ್ಲೆಂಡಿನ ಉತ್ತರ ಭಾಗದ ಗಿರಣಿ ಮತ್ತು ಗಣಿಯ ಊರುಗಳ ಆಟ. ತೊಂಬತ್ತರ ದಶಕದ ಹೊತ್ತಿಗೆ ಟಿವಿಯವರ ದುಡ್ಡು ಬಂದು, ಶ್ರೀಮಂತ ಕ್ಲಬ್‌ಗಳು ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳತೊಡಗಿದವು. ಸಣ್ಣ ಕ್ಲಬ್‌ಗಳು ಅವರ ಸರಿಸಮ ಓಡಲು ಹೋಗಿ ಮುಗ್ಗರಿಸಿದವು. ಅದಕ್ಕಾಗಿ ಪಂದ್ಯಾವಳಿ ನಡೆಸುವ ಲೀಗ್ ಸ್ಯಾಲರಿ ಕ್ಯಾಪ್ ಎಂಬ ನಿಯಮ ತಂದಿತು. ಒಂದು ಕ್ಲಬ್ ತನ್ನ ಎಲ್ಲ ಆಟಗಾರರಿಗೆ ಸೇರಿಸಿ ಇಷ್ಟಕ್ಕಿಂತ ಹೆಚ್ಚು ಸಂಬಳ ಕೊಡುವಂತಿಲ್ಲ. ಗೆರೆ ದಾಟಿದರೆ ಗೆದ್ದ ಅಂಕಗಳಲ್ಲಿ ಕಡಿತ. ಆ ಗೆರೆಯನ್ನು ಯಾರು ದಾಟಿದರೆಂದು ನೋಡಿ ವರದಿ ಮಾಡುವ ಕೆಲಸ ಲೀಡ್ಸ್‌ನ ನಮ್ಮ ಚಿಕ್ಕ ಆಡಿಟ್ ಕಂಪನಿಗೆ ಸಿಕ್ಕಿತು.

ನಮ್ಮ ಕಂಪನಿಯ ಮೇಲಧಿಕಾರಿ ಜೆಫ್. ಅವನು ನನ್ನನ್ನು ಆರಿಸಿದ್ದಕ್ಕೆ ಕಾರಣವನ್ನು ಮುಚ್ಚಿಡಲಿಲ್ಲ. "ಇಲ್ಲಿರುವ ಗಂಡಸರೆಲ್ಲ ಯಾವುದಾದರೂ ಒಂದು ಕ್ಲಬ್‌ನ ಅಭಿಮಾನಿಗಳು. ನಿಮಗೆ ಆಟವೇ ಗೊತ್ತಿಲ್ಲ. ನಿಮ್ಮಷ್ಟು ನಿಷ್ಪಕ್ಷಪಾತಿ ಯಾರಿದ್ದಾರೆ?" ಆಟ ಗೊತ್ತಿರಲಿಲ್ಲ, ನಿಜ. ಆದರೆ ಈ ನಿಯಮದ ಒಳಗಿನ ಮಾತು ನನಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಹುಬ್ಬಳ್ಳಿಯಲ್ಲಿ ನನ್ನ ಸೋದರಮಾವ ಕುಸ್ತಿಯ ಜೋಡಿ ಕಟ್ಟುವ ಹಿರಿಯರಲ್ಲಿ ಒಬ್ಬ. ತೂಕ, ವಯಸ್ಸು, ಕಸುವು ನೋಡಿ ಯಾರ ಮೇಲೆ ಯಾರೆಂದು ಅವನು ಹೇಳಬೇಕು. ಒಮ್ಮೆ ಊರಿನ ಸಾಹುಕಾರ ತನ್ನ ಪೈಲ್ವಾನನಿಗೆ ಎಳೆಯ ಜೋಡಿ ಹಾಕಿಕೊಡು ಎಂದದ್ದಕ್ಕೆ ಮಾವ ರುಮಾಲು ಕೊಡವಿ ಎದ್ದುಬಂದ. "ಯಾರು ಚಿತ್ ಆಗ್ತಾರಂತ ಮೊದಲ ಗೊತ್ತಿದ್ರ ಜನಾ ಯಾಕ ನೋಡಾಕ ಬರಬೇಕು?" ಎಂದು ಮನೆಯಲ್ಲಿ ಕೂಗಾಡಿದ. ಲೀಗಿನ ನಿಯಮಾವಳಿಯ ದಪ್ಪ ಪುಸ್ತಕದಲ್ಲಿ ಇದ್ದದ್ದೂ ಅಷ್ಟೇ.

ಮೊದಲ ಸಲ ಒಂದು ಕ್ಲಬ್‌ಗೆ ಹೋದಾಗ ಬಾಗಿಲಲ್ಲಿದ್ದವನು ನನ್ನನ್ನು ಅಡುಗೆಮನೆಯ ಕಡೆಗೆ ಕಳಿಸಿದ. ಪಂದ್ಯದ ದಿನ ಬಡಿಸಲು ಬಂದವಳೆಂದು ತಿಳಿದಿದ್ದ. ನಾನು ಹಾಗೇ ಹೋದೆ. ಅಲ್ಲಿ ಇಬ್ಬರು ಹೆಂಗಸರು ಆಲೂಗಡ್ಡೆ ಸುಲಿಯುತ್ತ, ಕ್ಲಬ್‌ನ ಹೊಸ ಆಟಗಾರನ ಹೆಂಡತಿಗೆ "ರಿಸೆಪ್ಷನಿಸ್ಟ್" ಎಂದು ಸಂಬಳ ಬರುತ್ತದೆ, ಆದರೆ ಅವಳಿಗೆ ರಿಸೆಪ್ಷನ್ ಎಲ್ಲಿದೆಯೆಂದೂ ಗೊತ್ತಿಲ್ಲ ಎಂದು ಮಾತಾಡಿಕೊಳ್ಳುತ್ತಿದ್ದರು. ಹತ್ತು ನಿಮಿಷದ ಮೇಲೆ ನಾನು ಆಡಿಟರ್ ಎಂದು ಹೇಳಿಕೊಂಡು ಅಧ್ಯಕ್ಷರ ಕೋಣೆಗೆ ಹೋಗಿ, ಮೊದಲು ಆ ರಿಸೆಪ್ಷನಿಸ್ಟ್‌ಳನ್ನೇ ಕರೆಸಿ ಎಂದೆ. ಗಂಡನ ಸಂಬಳದ ಒಂದು ಪಾಲನ್ನು ಹೆಂಡತಿಯ ಹೆಸರಿಗೆ ಕೊಟ್ಟು ಗೆರೆಯಿಂದ ತಪ್ಪಿಸಿಕೊಳ್ಳುವ ಉಪಾಯ ಅದು. ಅಂದಿನಿಂದ ಯಾರು ನನ್ನನ್ನು ಏನೆಂದು ತಿಳಿದರೂ ನಾನು ಕೂಡಲೇ ತಿದ್ದಲು ಹೋಗಲಿಲ್ಲ.

ನಮಗೊಂದು ಕಟ್ಟುನಿಟ್ಟಿನ ನಿಯಮವಿತ್ತು. ಕ್ಲಬ್‌ನವರಿಂದ ನೀರು ಬಿಟ್ಟು ಏನನ್ನೂ ಮುಟ್ಟಬಾರದು. ನನಗೆ ಅದು ಕಷ್ಟವೇ ಆಗಲಿಲ್ಲ. ಅವರು ಕೊಡುತ್ತಿದ್ದದ್ದು ಮಾಂಸದ ಪೈ, ನಾವು ಲಿಂಗಾಯತರು. ಡಬ್ಬಿಯಲ್ಲಿ ಗರಿಗರಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ ಕಟ್ಟಿಕೊಂಡು ಹೋಗಿ ಕ್ಲಬ್‌ನ ಕಾರ್ ಪಾರ್ಕಿನಲ್ಲಿ ಕಾರಿನೊಳಗೇ ಕೂತು ತಿನ್ನುತ್ತಿದ್ದೆ. ವಾಸನೆ ಹೋಗಲೆಂದು ಚಳಿಯಲ್ಲೂ ಕಿಟಕಿ ಇಳಿಸಿರುತ್ತಿದ್ದೆ. ಈ ಕಿಟಕಿಯನ್ನು ನೆನಪಿಡಿ, ಮುಂದೆ ಬರುತ್ತದೆ.

ಕಳ್ಳದಾರಿಗಳನ್ನು ಹೇಳುತ್ತ ಕೂತರೆ ಸಂಚಿಕೆಯೇ ಸಾಲದು. ಒಂದು ಕ್ಲಬ್ "ಚೆಂಡುಗಳ ಉಗ್ರಾಣ" ಎಂದು ಒಂದು ವಿಳಾಸಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿತ್ತು. ಪೋಸ್ಟ್‌ಕೋಡ್ ಹಿಡಿದು ಹುಡುಕಿಕೊಂಡು ಹೋದರೆ ಮೂರು ಕೋಣೆಯ ಚೆಂದದ ಬಂಗಲೆ, ಅಂಗಳದಲ್ಲಿ ತೊಟ್ಟಿಲುಗಾಡಿ. ಬಾಗಿಲು ತೆರೆದ ಆಟಗಾರನ ತೋಳಲ್ಲಿ ಕೂಸು. "ಚೆಂಡುಗಳನ್ನು ನೋಡಬೇಕಿತ್ತು" ಎಂದೆ. ಅವನು ಪಾಪ, ಒಳಗೆ ಹೋಗಿ ಮಗುವಿನ ಆಟಿಕೆಯ ಒಂದು ಕೆಂಪು ಚೆಂಡು ತಂದು ತೋರಿಸಿದ. ನಾನು ಕಾರಿಗೆ ಬರುವ ತನಕ ನಗು ತಡೆದುಕೊಂಡಿದ್ದೇ ದೊಡ್ಡದು.

ಇಂಥವನ್ನು ಹಿಡಿದು ಹಿಡಿದು ನನಗೆ ಕೋಡು ಮೂಡಿತ್ತು. ಆ ದಿನಗಳಲ್ಲೇ ನ್ಯೂಜೆರ್ಸಿಯಿಂದ ಮೈದುನ ಬಂದಿದ್ದ. ಅವನಿಗೆ ಬೇಸ್‌ಬಾಲ್ ಹುಚ್ಚು. ಊಟಕ್ಕೆ ಕೂತಾಗ ನನ್ನನ್ನು ಕೆಣಕಿದ.

"ವೈನಿ, ನಮ್ಮಲ್ಲಿ ಬೇಸ್‌ಬಾಲ್‌ನ್ಯಾಗ ಇಂಥಾ ಗೆರಿ ಇಲ್ಲ. ರೊಕ್ಕ ಇದ್ದವರು ಎಷ್ಟರೆ ಕೊಡ್ಲಿ. ಭಾಳ ಜಾಸ್ತಿ ಆತಂದ್ರ ಮ್ಯಾಲೆ ಒಂದಿಷ್ಟು ತೆರಿಗಿ ಕಟ್ಟತಾರ, ಮುಗೀತು. ಮುಚ್ಚಿಡೂದೂ ಇಲ್ಲ, ಹಿಡಿಯೂದೂ ಇಲ್ಲ. ನಿಮ್ಮಂಗ ಮಂದಿ ಮನಿ ಮುಂದ ಚೆಂಡು ಕೇಳ್ಕೋತ ಯಾರೂ ನಿಂದರಂಗಿಲ್ಲ."

"ಮತ್ತ ಬಡ ಊರಿನವರು ಯಾವಾಗ ಗೆಲ್ಲತಾರ?"

"ಒಮ್ಮೊಮ್ಮೆ ಗೆಲ್ಲತಾರ. ನಸೀಬ ಇದ್ರ."

"ನಮ್ಮ ಮಾವ ನಸೀಬಿನ ಮ್ಯಾಲೆ ಜೋಡಿ ಕಟ್ಟತಿರಲಿಲ್ಲ" ಎಂದು ಅವನ ತಾಟಿಗೆ ಇನ್ನೊಂದು ರೊಟ್ಟಿ ಎಸೆದೆ. ತೆರಿಗೆ ಕಟ್ಟಿ ಗೆರೆ ದಾಟುವುದಾದರೆ ಆ ಗೆರೆ ಇರುವುದು ದುಡ್ಡಿಲ್ಲದವನಿಗೆ ಮಾತ್ರ ಎಂದು ಆಗಲೂ ಅಂದಿದ್ದೆ, ಈಗಲೂ ಅನ್ನುತ್ತೇನೆ. ಅವನು ಒಪ್ಪಲಿಲ್ಲ, ಇವತ್ತಿಗೂ ಫೋನಿನಲ್ಲಿ ಅದೇ ಜಗಳ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಎರಡು ಕ್ಲಬ್‌ಗಳಿದ್ದವು. ನಿಜವಾದ ಹೆಸರು ಹೇಳುವುದಿಲ್ಲ, ಒಂದನ್ನು ಗುಡ್ಡದ ಕ್ಲಬ್, ಇನ್ನೊಂದನ್ನು ಕಾಲುವೆ ಕ್ಲಬ್ ಎನ್ನೋಣ. ಗುಡ್ಡದ ಕ್ಲಬ್‌ನ ಕಚೇರಿ ಎಂದರೆ ಮಾರ್ಗರೆಟ್ ಎಂಬ ಅರವತ್ತರ ಹೆಂಗಸು. ಟಿಕೆಟ್ ಮಾರುವವಳೂ ಅವಳೇ, ಆಟಗಾರರ ಒಪ್ಪಂದ ಬರೆಸುವವಳೂ ಅವಳೇ. ನಿಯಮದ ವಿಷಯದಲ್ಲಿ ಅವಳಿಗೆ ಎಂಥ ಭಯಭಕ್ತಿ ಎಂದರೆ, ಆಟಗಾರನೊಬ್ಬನಿಗೆ ಮದುವೆಯ ಉಡುಗೊರೆಯಾಗಿ ಟೋಸ್ಟರ್ ಕೊಟ್ಟರೆ ಅದು ಸಂಬಳದ ಲೆಕ್ಕಕ್ಕೆ ಬರುತ್ತದೆಯೇ ಎಂದು ನನಗೆ ಫೋನ್ ಮಾಡಿ ಕೇಳಿದ್ದಳು. "ನೀವೆಲ್ಲ ಸೇರಿ ಕೈಯಿಂದ ಹಾಕಿ ಕೊಟ್ಟರೆ ಬರುವುದಿಲ್ಲ" ಎಂದೆ. ಹಾಗೇ ಮಾಡಿದರು.

ಕಾಲುವೆ ಕ್ಲಬ್‌ನವರು ಆ ವರ್ಷ ಡ್ಯಾನಿ ಎಂಬ ಒಳ್ಳೆಯ ಆಟಗಾರನನ್ನು ತಂದಿದ್ದರು. ದೊಡ್ಡ ಕ್ಲಬ್ ಬಿಟ್ಟು ಕಡಿಮೆ ಸಂಬಳಕ್ಕೆ ಬಂದಿದ್ದ. ನೌಕರರ ಪಟ್ಟಿಯಲ್ಲಿ ಅವನ ಅಪ್ಪ ಫ್ರಾಂಕ್‌ನ ಹೆಸರೂ ಇತ್ತು, ಮೈದಾನದ ಸಹಾಯಕ ಎಂದು. ನಾನು ಕೇಳಿದೆ. ಅಧ್ಯಕ್ಷ ನಕ್ಕ. "ಮಗ ಇಲ್ಲಿಗೆ ಬಂದ, ಅಪ್ಪನಿಗೂ ಒಂದು ಕೆಲಸ ಕೊಟ್ಟೆವು. ನಮ್ಮದು ಮನೆಯಂಥ ಕ್ಲಬ್."

ಅಷ್ಟು ಸಾಕಾಯಿತು ನನಗೆ. ನಮ್ಮಪ್ಪ ಹುಬ್ಬಳ್ಳಿಯ ಗಿರಣಿಯಲ್ಲಿ ಗುಮಾಸ್ತ. ಅವನ ಮಾತಿನ ಮೇಲೆ ಚಿಕ್ಕಪ್ಪ ಸೇರಿದ, ಚಿಕ್ಕಪ್ಪನ ಮಾತಿನ ಮೇಲೆ ಅತ್ತೆಯ ಗಂಡ ಸೇರಿದ. ಒಬ್ಬ ಒಳಗೆ ಕಾಲಿಟ್ಟರೆ ಮನೆತನವೇ ಒಳಗೆ. ಅದರಲ್ಲಿ ಅನುಮಾನಪಡುವಂಥದ್ದು ಏನಿದೆ? ಆಟಗಾರನ ಹೆಂಡತಿಯ ಕೆಲಸವನ್ನು ಪತ್ತೆ ಮಾಡಿದವಳು ಅವನ ಅಪ್ಪನ ಕೆಲಸವನ್ನು ಕಣ್ಣುಮುಚ್ಚಿ ನಂಬಿದೆ. ಜೆಫ್‌ನಂಥ ಇಂಗ್ಲಿಷಿನವನಾಗಿದ್ದರೆ, ದುಡಿಯುವ ಮಗ ಅಪ್ಪನನ್ನು ಜೊತೆಗೆ ಕರೆದುಕೊಂಡು ಬಂದನೇ ಎಂದು ಹುಬ್ಬೇರಿಸಿ ಮೈದಾನಕ್ಕೆ ಹೋಗಿ ನೋಡುತ್ತಿದ್ದ. ನನಗೆ ಅದು ಇಷ್ಟವೇ ಆಯಿತು. ಮನೆಗೆ ಬಂದು, ಈ ದೇಶದಲ್ಲೂ ಅಂಥ ಮಕ್ಕಳಿದ್ದಾರೆ ಎಂದು ಹೊಗಳಿದೆ. ಪಟ್ಟಿಗೆ ಸಹಿ ಹಾಕಿದೆ.

ಆ ಸಲ ಲೀಗಿನಲ್ಲಿ ಕೊನೆಗೆ ಬಿದ್ದವರು ಕೆಳದರ್ಜೆಗೆ ಇಳಿಯಬೇಕಿತ್ತು. ಗುಡ್ಡದ ಕ್ಲಬ್, ಕಾಲುವೆ ಕ್ಲಬ್ ಎರಡೂ ಕೊನೆಯತನಕ ಜಗ್ಗಾಡಿದವು. ಕೊನೆಯ ಪಂದ್ಯ ಅವರಿಬ್ಬರ ನಡುವೆಯೇ ಬಂತು. ಡ್ಯಾನಿ ಒಬ್ಬನೇ ಕಾಲುವೆ ಕ್ಲಬ್‌ಗೆ ಆಟ ಗೆದ್ದುಕೊಟ್ಟ. ಗುಡ್ಡದ ಕ್ಲಬ್ ಇಳಿಯಿತು. ಕೆಳದರ್ಜೆಗೆ ಇಳಿದರೆ ಟಿವಿಯ ದುಡ್ಡಿಲ್ಲ, ಆಟಗಾರರೆಲ್ಲ ಮತ್ತೆ ಹಗಲು ಬೇರೆ ಕೆಲಸ ಮಾಡಿ ಸಂಜೆ ಆಡಬೇಕು. ನನಗೆ ಮಾರ್ಗರೆಟ್‌ಳ ನೆನಪಾಗಿ ಅಯ್ಯೋ ಅನ್ನಿಸಿತು. ಅದಕ್ಕೂ ನನಗೂ ಸಂಬಂಧವಿದೆಯೆಂದು ಹೊಳೆಯಲೇ ಇಲ್ಲ.

ಮುಂದಿನ ಫೆಬ್ರುವರಿಯಲ್ಲಿ ಹೊಸ ಋತುವಿನ ಪಟ್ಟಿ ನೋಡಲು ಕಾಲುವೆ ಕ್ಲಬ್‌ಗೆ ಹೋಗಿದ್ದೆ. ಮಧ್ಯಾಹ್ನ ಕಾರಿನಲ್ಲಿ ಡಬ್ಬಿ ಬಿಚ್ಚಿದ್ದೆ. ಮೈದಾನ ನೋಡಿಕೊಳ್ಳುವ ಸ್ಟ್ಯಾನ್ ಎಂಬ ಮುದುಕ ಕೈ ಉಜ್ಜಿಕೊಳ್ಳುತ್ತ ಬಂದು, ತೆರೆದ ಕಿಟಕಿಯಲ್ಲಿ ಬಗ್ಗಿ, "ಅದೇನು ಲವ್, ಅಷ್ಟು ಜೋರಾಗಿ ಮುರಿಯುತ್ತಿದೆ?" ಎಂದ. ಯಾರ್ಕ್‌ಶರ್‌ನವರಿಗೆ ಕಂಡವರೆಲ್ಲ ಲವ್. ಒಂದು ತುಂಡು ರೊಟ್ಟಿಗೆ ಚಟ್ನಿ ಸವರಿ ಕೊಟ್ಟೆ. ಕೆಮ್ಮುತ್ತ, ಕಣ್ಣು ಒರೆಸಿಕೊಳ್ಳುತ್ತ ಇನ್ನೊಂದು ಕೇಳಿದ.

"ಹುಲ್ಲೆಲ್ಲ ಹಿಮಗಟ್ಟಿದೆ. ಬೆಳಗಿನಿಂದ ಮೈದಾನಕ್ಕೆ ಹೊದಿಸುವ ತಾಡಪಾಲು ಎಳೆದು ಎಳೆದು ಸೊಂಟ ಬಿದ್ದುಹೋಯಿತು. ಒಬ್ಬನ ಕೈಯಲ್ಲಿ ಆಗುವ ಕೆಲಸವೇ ಇದು?"

"ಒಬ್ಬರೇ ಯಾಕೆ? ಫ್ರಾಂಕ್ ಇದ್ದಾನಲ್ಲ?"

"ಯಾವ ಫ್ರಾಂಕ್?" ಎಂದ ಸ್ಟ್ಯಾನ್. ಆಮೇಲೆ, "ಓ, ಡ್ಯಾನಿಯ ಅಪ್ಪನೇ? ಅವನು ಇಲ್ಲಿ ಯಾಕಿರ್ತಾನೆ, ಲವ್?"

ಡಬ್ಬಿ ಮುಚ್ಚಿ, ನೌಕರರ ಪಟ್ಟಿಯಲ್ಲಿದ್ದ ಅವನ ವಿಳಾಸ ಬರೆದುಕೊಂಡೆ.

ಆ ದಿನವೇ ಫ್ರಾಂಕ್‌ನ ಮನೆಗೆ ಹೋದೆ. ಬಾಗಿಲು ತೆರೆಯಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಗಣಿಯಲ್ಲಿ ದುಡಿದು ಪುಪ್ಪುಸ ಹಾಳಾದವನು. ಬಾಗಿಲಿನಿಂದ ಕುರ್ಚಿಯವರೆಗಿನ ನಾಲ್ಕು ಹೆಜ್ಜೆಗೆ ಎರಡು ಸಲ ನಿಂತು ಉಸಿರು ತೆಗೆದುಕೊಂಡ. ಈ ಮನುಷ್ಯ ರೋಲರ್ ತಳ್ಳುತ್ತಾನೆ ಎಂದು ನಾನು ಸಹಿ ಹಾಕಿದ್ದೆ. ನಾನು ಯಾರೆಂದು ಹೇಳಿದೆ. ಅವನು ಸುಳ್ಳು ಹೇಳಲಿಲ್ಲ.

"ಅದು ಹುಡುಗನ ದುಡ್ಡು, ಲವ್. ನನ್ನ ಹೆಸರಿಗೆ ಬರುತ್ತೆ, ಶುಕ್ರವಾರ ಅವನಿಗೆ ಕೊಡ್ತೀನಿ. ಸಹಿ ಹಾಕು ಅಂದ್ರು, ಹಾಕಿದೆ." ಆಮೇಲೆ, "ನಾನು ಅಲ್ಲಿ ಕೆಲಸ ಮಾಡ್ತೀನಿ ಅಂತ ನೀವು ನಿಜವಾಗ್ಲೂ ನಂಬಿದ್ರಾ?" ಎಂದು ಕೇಳಿದ.

"ನಂಬಿದೆ" ಎಂದೆ. ತಾನು ಇನ್ನೂ ದುಡಿಯಬಲ್ಲನೆಂದು ಯಾರೋ ನಂಬಿದರಲ್ಲ ಎಂದು ಅವನ ಮುಖದಲ್ಲಿ ಒಂದು ಕ್ಷಣ ಹಿಗ್ಗು ಕಂಡಿತು. ಮನೆಗೆ ಬರುವ ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ಜೆಫ್‌ನಿಗೆ ಎಲ್ಲವನ್ನೂ ಹೇಳಿದೆ. ಅವನು ಕೆಟ್ಟವನಲ್ಲ, ನನ್ನ ಮಕ್ಕಳಿಗೆ ಹುಷಾರಿಲ್ಲವೆಂದರೆ ತಾನೇ ನನ್ನ ಕೆಲಸ ಮಾಡಿಕೊಟ್ಟವನು. ಬಾಗಿಲು ಹಾಕಿ ಕೂರಿಸಿ ಹೇಳಿದ: "ಒಳ್ಳೆಯ ಕೆಲಸ. ಈ ವರ್ಷದ್ದನ್ನು ವರದಿ ಮಾಡಿ. ಹೋದ ವರ್ಷದ ಫೈಲು ಮುಚ್ಚಿದೆ."

"ಹೋದ ವರ್ಷವೂ ಇದೇ ಆಗಿದೆ. ಅದರಿಂದಲೇ ಗುಡ್ಡದ ಕ್ಲಬ್ ಇಳಿದದ್ದು."

"ಅದರ ಮೇಲೆ ಯಾರ ಸಹಿ ಇದೆ ಅಂತ ಗೊತ್ತಿದೆಯಲ್ಲ?"

"ನನ್ನದು. ಅದಕ್ಕೇ ಬರೆಯಬೇಕು."

"ಬರೆದರೆ ಕಂಪನಿಯ ಕೈಯಿಂದ ಈ ಕೆಲಸ ಹೋಗಬಹುದು. ನಿಮ್ಮ ಕೈಯಿಂದಂತೂ ಹೋಗುತ್ತದೆ. ಇಳಿದವರು ಮೇಲೆ ಬರುವುದೂ ಇಲ್ಲ. ಯಾರಿಗೆ ಲಾಭ?"

ಮನೆಯಲ್ಲಿ ಚಹಾ ಕುಡಿಯುತ್ತ ನಮ್ಮ ಮನೆಯವರಿಗೆ ಹೇಳಿದೆ. ಆಸ್ಪತ್ರೆಯ ಪಾಳಿಗಳ ರೋಟಾ ನೋಡುತ್ತಿದ್ದವರು ಕಾಗದ ಕೆಳಗಿಟ್ಟರು.

"ನೀ ಬರದ್ರ ಏನಾಗತೈತಿ?"

"ನನ್ನ ಕೆಲಸ ಹೋಗತೈತಿ."

"ಬರೀಲಿಲ್ಲಂದ್ರ?"

"ಇರತೈತಿ. ಆದ್ರ ನಾಳೆ ಇನ್ನೊಬ್ಬರ ಮನಿ ಬಾಗಿಲಾಗ ನಿಂತು, ನೀವು ಮುಚ್ಚಿಟ್ಟೀರಿ ಅಂತ ಯಾವ ಬಾಯಿಲೆ ಅನ್ನಲಿ?"

"ಆಪರೇಷನ್ ಟೇಬಲ್ ಮ್ಯಾಲೆ ತಪ್ಪಾದ್ರ ನಾವು ಬರದ ಇಡತೀವಿ. ಬರದವನನ್ನ ಒಮ್ಮೊಮ್ಮೆ ಬೈತಾರ. ಬರೀದವನನ್ನ ಮುಂದ ಯಾರೂ ನಂಬಂಗಿಲ್ಲ" ಎಂದು ಮತ್ತೆ ರೋಟಾ ಎತ್ತಿಕೊಂಡರು. ನಮ್ಮ ಮನೆಯವರ ಮಾತು ಯಾವಾಗಲೂ ಅಷ್ಟೇ, ಅಳೆದು ಕೊಡುವ ಔಷಧ.

ವರದಿಯ ಮೊದಲ ಪುಟದಲ್ಲೇ ಬರೆದೆ: ಹಿಂದಿನ ವರ್ಷ ಈ ನೌಕರನ ಕೆಲಸವನ್ನು ನಾನು ಕಣ್ಣಾರೆ ನೋಡದೆ ಒಪ್ಪಿದೆ, ತಪ್ಪು ನನ್ನದು. ಜೆಫ್ ಆ ಪುಟ ತೆಗೆಯಲು ಹೇಳಿದ. ಪುಟ ತೆಗೆದರೆ ಕೊನೆಯಲ್ಲಿ ನನ್ನ ಸಹಿಯೂ ಇರುವುದಿಲ್ಲ, ನೀವೇ ಹಾಕಿಕೊಳ್ಳಿ ಎಂದೆ. ಅವನು ನನ್ನನ್ನು ದಿಟ್ಟಿಸಿ ನೋಡಿ, ವರದಿಯನ್ನು ಹಾಗೇ ಲೀಗಿಗೆ ಕಳಿಸಿದ. ಕಾಲುವೆ ಕ್ಲಬ್‌ಗೆ ಆ ವರ್ಷದ ಅಂಕಗಳಲ್ಲಿ ಕಡಿತವಾಯಿತು. ಹಿಂದಿನ ವರ್ಷದ ಫಲಿತಾಂಶವನ್ನು ಯಾರೂ ಮುಟ್ಟಲಿಲ್ಲ. ನನ್ನನ್ನು ರಗ್ಬಿಯಿಂದ ತೆಗೆದು ಕೇಕ್ ಕಾರ್ಖಾನೆಗಳ ಆಡಿಟ್‌ಗೆ ಹಾಕಿದರು. ಎರಡು ವರ್ಷ ಬೆಣ್ಣೆ, ಸಕ್ಕರೆ ಎಣಿಸಿದೆ. ಆಮೇಲೆ ವಿಧಾನ ಬದಲಾಯಿತು. ಋತುವಿಗೊಮ್ಮೆ ಪಟ್ಟಿ ನೋಡುವುದು ಹೋಗಿ, ಆಟಗಾರ ಮೈದಾನಕ್ಕೆ ಇಳಿಯುವ ಮುಂಚೆಯೇ ಅವನ ಒಪ್ಪಂದ ನೋಡುವುದು ಬಂತು. ಹೇಳದೆ ಕೇಳದೆ ಕ್ಲಬ್‌ಗೆ ಹೋಗಿ, ನೌಕರನನ್ನು ಕೆಲಸದ ಜಾಗದಲ್ಲೇ ನೋಡುವುದು ಬಂತು. ಅದಕ್ಕೆ ಯಾರು ಬೇಕೆಂದಾಗ ಜೆಫ್ ಬಂದು ಮೇಜಿನ ಮುಂದೆ ನಿಂತು, ನಿಮ್ಮ ಡಬ್ಬಿ ತೆಗೆದುಕೊಳ್ಳಿ ಎಂದ.

ಆದರೆ ಅದಕ್ಕೆ ಮೊದಲು, ವರದಿ ಕೊಟ್ಟ ವಾರವೇ ನಾನು ಗುಡ್ಡದ ಕ್ಲಬ್‌ಗೆ ಹೋಗಿದ್ದೆ. ಯಾರೂ ಹೋಗೆಂದಿರಲಿಲ್ಲ. ಮಾರ್ಗರೆಟ್ ಟಿಕೆಟ್ ಕಿಂಡಿಯ ಹಿಂದೆ ಕೂತು ಹಳೆಯ ಲಕೋಟೆಗಳ ಹಿಂಬದಿಯಲ್ಲಿ ಹೊಸ ವಿಳಾಸ ಬರೆಯುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಫ್ರಾಂಕ್, ನನ್ನ ಸಹಿ, ಕೊನೆಯ ಪಂದ್ಯ. ಅವಳು ಬೈಯಲಿ ಎಂದೇ ಕಾದೆ.

ಅವಳು ಪೆನ್ನಿನ ಮುಚ್ಚಳ ಹಾಕಿದಳು. "ನಾವು ಒಂದು ಟೋಸ್ಟರ್‌ಗೂ ಕೇಳಿದೆವು" ಎಂದಳು.

"ಗೊತ್ತು."

"ನಿಮ್ಮ ವರದಿಯಲ್ಲಿ ಅವರ ಹೆಸರು ಬರುತ್ತೆ. ಗೆರೆ ದಾಟಿದವರು ಅಂತ."

"ಬರುತ್ತೆ."

"ನಾವು ದಾಟಲಿಲ್ಲ ಅಂತ ಎಲ್ಲಾದರೂ ಬರುತ್ತಾ?"

ಬರುವುದಿಲ್ಲ. ವರದಿಯಲ್ಲಿ ತಪ್ಪಿದವರ ಹೆಸರು ಮಾತ್ರ ಇರುತ್ತದೆ. ಸರಿಯಾಗಿದ್ದವರಿಗೆ ಒಂದು ಸಾಲೂ ಇರುವುದಿಲ್ಲ. ಅದನ್ನು ಅವಳಿಗೆ ಹೇಳಬೇಕಾಯಿತು. ನನ್ನ ಇಡೀ ನೌಕರಿಯಲ್ಲಿ ಅಷ್ಟು ನಾಚಿಕೆ ನನಗೆ ಇನ್ನೊಮ್ಮೆ ಆಗಿಲ್ಲ. ಮಾರ್ಗರೆಟ್ ತಲೆಯಾಡಿಸಿ ಮುಚ್ಚಳ ತೆಗೆದು ಮುಂದಿನ ಲಕೋಟೆ ಎತ್ತಿಕೊಂಡಳು.

ಮತ್ತೆ ರಗ್ಬಿಗೆ ಮರಳಿದ ಮೇಲೆ ಪ್ರತಿ ವರ್ಷದ ವರದಿಯಲ್ಲೂ ಮೊದಲು ಗೆರೆಯೊಳಗೆ ನಿಂತ ಕ್ಲಬ್‌ಗಳ ಹೆಸರು ಬರೆದೆ. ಪ್ರತಿ ವರ್ಷವೂ ಜೆಫ್, ಇದು ಅನವಶ್ಯಕ ಎಂದು ಅದರ ಮೇಲೆ ಗೀಟು ಎಳೆದ. ಮರುವರ್ಷ ಮತ್ತೆ ಬರೆದೆ. ನಿವೃತ್ತಿಯಾಗುವವರೆಗೂ ನಮ್ಮಿಬ್ಬರ ಈ ಕುಸ್ತಿ ನಡೆಯಿತು. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನನ್ನದು ಇಷ್ಟೇ: ಕಾಗದದಲ್ಲಿರುವ ಮನುಷ್ಯನನ್ನು ಹೋಗಿ ನೋಡಿ, ಅವನು ನಿಮ್ಮ ಚಿಕ್ಕಪ್ಪನ ಹಾಗೆ ಕಂಡರೆ ಇನ್ನೊಮ್ಮೆ ನೋಡಿ. ಮೇಲಿನವರು ಗೀಟು ಎಳೆದರೆ ಮತ್ತೆ ಬರೆಯಿರಿ.

ಮಾರ್ಗರೆಟ್ ಈಗಿಲ್ಲ. ಗುಡ್ಡದ ಕ್ಲಬ್ ಮತ್ತೆ ಮೇಲಿನ ದರ್ಜೆಗೆ ಬರಲಿಲ್ಲ. ಸಂಪಾದಕರೇ, ಈ ಲೇಖನದಲ್ಲಿ ಏನನ್ನು ಬೇಕಾದರೂ ಕತ್ತರಿಸಿ, ಕೆಳಗಿನದನ್ನು ಮಾತ್ರ ಮುಟ್ಟಬೇಡಿ. ಅದು ಯಾವ ವರದಿಯಲ್ಲೂ ಇಲ್ಲ.

ಆ ವರ್ಷ ಗುಡ್ಡದ ಕ್ಲಬ್ ಗೆರೆ ದಾಟಲಿಲ್ಲ. ಹೋಗಿ ನೋಡಿದವಳು ನಾನು. ಸಹಿ ನನ್ನದು.